ಹನಿ ನೀರಾವರಿ ಕಂಪನಿಯ ಸೂಚನೆ ಇನ್‌ಸ್ಟಾಗ್ರಾಮ್‌ನಲ್ಲಿ ಮಾತ್ರ ಬಂದರೆ ಹೊಲದಲ್ಲಿರುವ ಗ್ರಾಹಕನಿಗೆ ತಿಳಿಯುವುದು ಹೇಗೆ?

ಪ್ರಶ್ನೆ: ದ್ರಾಕ್ಷಿ ಬೆಳೆಗಾರ, ತಿಕೋಟಾ

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ ನನಗೆ ಮೂರು ಎಕರೆ ದ್ರಾಕ್ಷಿ ಪಡವಿದೆ. 2006ರಲ್ಲಿ ಮೊದಲ ಸಲ ಹನಿ ನೀರಾವರಿ ಹಾಕಿಸಿದಾಗ ಯಾವ ಕಂಪನಿಯ ಪೈಪು ತಂದೆನೋ, ಅಂದಿನಿಂದ ಇಂದಿನವರೆಗೆ ಬೇರೊಂದು ಕಂಪನಿಯ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಅಣ್ಣನ ಲಿಂಬೆ ತೋಟಕ್ಕೆ, ಇಂಡಿಯಲ್ಲಿರುವ ಬೀಗರ ಹೊಲಕ್ಕೆ, ನಮ್ಮ ಓಣಿಯ ಇನ್ನೂ ನಾಲ್ಕು ಮನೆಯವರಿಗೆ ಅದೇ ಕಂಪನಿಯದನ್ನು ಹಾಕಿಸಿಕೊಳ್ಳಿ ಎಂದು ನಾನೇ ಹೇಳಿ ಕೊಡಿಸಿದ್ದೇನೆ. ಅದಕ್ಕೆ ಕಾರಣವಿತ್ತು. ಆಗ ಚಾಟ್ನಿಗೆ, ಅಂದರೆ ಬಳ್ಳಿ ಸವರುವುದಕ್ಕೆ ಮುಂಚೆ ಕಂಪನಿಯ ಎಂಜಿನಿಯರ್ ಒಬ್ಬರು ಮೋಟರ್‌ಸೈಕಲ್ ಮೇಲೆ ಬಂದು ಮರಳಿನ ಫಿಲ್ಟರ್ ಬಿಚ್ಚಿಸಿ ನೋಡುತ್ತಿದ್ದರು. ನಮ್ಮ ಬೋರಿನ ಸವಳು ನೀರನ್ನು ಪರೀಕ್ಷಿಸಿ, ಪೈಪಿನಲ್ಲಿ ಕಟ್ಟುವ ಉಪ್ಪು ಕರಗಿಸಲು ಎಷ್ಟು ಆಸಿಡ್ ಬಿಡಬೇಕು ಎಂದು ಲೆಕ್ಕ ಹಾಕಿ ಬರೆದುಕೊಡುತ್ತಿದ್ದರು. ಅವರು ಬರೆದುಕೊಟ್ಟ ಚೀಟಿ ಇಂದಿಗೂ ನಮ್ಮ ಪಂಪ್‌ಹೌಸಿನ ಬಾಗಿಲ ಹಿಂದೆ ಅಂಟಿಸಿದಲ್ಲೇ ಇದೆ. ಏನಾದರೂ ತಿಳಿಸುವುದಿದ್ದರೆ ಮನೆಗೆ ಕಾರ್ಡು ಬರುತ್ತಿತ್ತು, ನಂತರದ ವರ್ಷಗಳಲ್ಲಿ ಮೊಬೈಲಿಗೆ ಕನ್ನಡದಲ್ಲಿ ಎಸ್‌ಎಂಎಸ್ ಬರುತ್ತಿತ್ತು.

ಕೆಲವು ವರ್ಷಗಳಿಂದ ಇದೆಲ್ಲ ನಿಂತುಹೋಗಿದೆ. ವಿಜಯಪುರದಲ್ಲಿದ್ದ ಅವರ ಕಚೇರಿ ಮುಚ್ಚಿತು. ದೂರವಾಣಿಗೆ ಕರೆ ಮಾಡಿದರೆ, ಮಾಹಿತಿಗಾಗಿ ನಮ್ಮ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್ ಪುಟಗಳನ್ನು ನೋಡಿ ಎಂದು ಮೊದಲೇ ಧ್ವನಿಮುದ್ರಿಸಿಟ್ಟ ಮಾತು ಕೇಳಿಸುತ್ತದೆ, ಕರೆ ಕಡಿದುಹೋಗುತ್ತದೆ.

ಕಳೆದ ವರ್ಷ ಮೇ ತಿಂಗಳಲ್ಲಿ ಇಡೀ ಪಡಕ್ಕೆ, ಹನಿ ಬಿಡುವ ಡ್ರಿಪ್ಪರುಗಳನ್ನು ಒಳಗೇ ಕೂಡಿಸಿದ ಹೊಸ ಇನ್‌ಲೈನ್ ಪೈಪು ಎಳೆಸಿದೆ. ಅಕ್ಟೋಬರ್ ಚಾಟ್ನಿಯಾಗಿ ಕಾಳು ಉಬ್ಬುವ ಹೊತ್ತಿಗೆ, ಒಂದೇ ಸಾಲಿನಲ್ಲಿ ಕೆಲವು ಗಿಡಗಳ ಬುಡದಲ್ಲಿ ನೀರು ನಿಂತಿರುವುದೂ ಅವುಗಳ ಮುಂದಿನ ಗಿಡಗಳು ಬಾಡುತ್ತಿರುವುದೂ ಕಣ್ಣಿಗೆ ಬಿತ್ತು. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್ 15 ನಿಮಿಷದಲ್ಲಿ 1 ಲೀಟರ್ ಬಿಡಬೇಕು. ನಾನು ಮತ್ತು ನನ್ನ ಹೆಂಡತಿ ಒಂದು ಸಾಲಿನ ಹತ್ತು ಕಡೆ ಪೈಪಿನ ಕೆಳಗೆ ಕುಣಿ ತೋಡಿ, ಒಂದೊಂದು ಲೀಟರ್ ಹಿಡಿಯುವ ತಂಬಿಗೆಗಳನ್ನಿಟ್ಟು ಗಡಿಯಾರ ಹಿಡಿದು ಕುಳಿತೆವು. ಮೂರು ಕಡೆ ಏಳು ನಿಮಿಷದೊಳಗೆ ತಂಬಿಗೆ ತುಂಬಿ ಚೆಲ್ಲಿತು, ನಾಲ್ಕು ಕಡೆ ಕಾಲು ಗಂಟೆ ಕಳೆದರೂ ಅರ್ಧಕ್ಕೇರಲಿಲ್ಲ. ಉಪ್ಪು ಕಟ್ಟಿದೆ, ಆಸಿಡ್ ಬಿಡಿ ಎಂದು ಡೀಲರ್ ಹೇಳಿದರು. ಉಪ್ಪು ಕಟ್ಟಿದರೆ ನೀರು ಕಡಿಮೆಯಾದೀತೇ ಹೊರತು ಹೆಚ್ಚಾಗುವುದು ಹೇಗೆ? ಆದರೂ ಅವರ ಮಾತಿಗೆ ಬೆಲೆ ಕೊಟ್ಟು ಎರಡು ಸಲ ಆಸಿಡ್ ಬಿಟ್ಟೆ, ಏನೂ ಬದಲಾಗಲಿಲ್ಲ. ಆ ಹಂಗಾಮಿನ ಗೊನೆಗಳು ಸಾಲಿಗೊಂದು ಗಾತ್ರದವಾದವು.

ಈ ವರ್ಷ ಅಕ್ಟೋಬರಿನಲ್ಲಿ ಪಕ್ಕದ ಹೊಲದವರ ಮಗ ತನ್ನ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಕಂಪನಿಯವರು ಆಗಸ್ಟ್‌ನಲ್ಲಿ ಹಾಕಿದ ರೀಲ್ ಅದು. ಕೆಲವು ಬ್ಯಾಚುಗಳ ಇನ್‌ಲೈನ್ ಪೈಪಿನಲ್ಲಿ ಒಳಗಿನ ಡ್ರಿಪ್ಪರಿನ ಬೆಸುಗೆ ಸಡಿಲವಾಗಿರುವುದು ಕಂಡುಬಂದಿದೆ, ಬಿಲ್ಲು ತಂದವರಿಗೆ ಸೆಪ್ಟೆಂಬರ್ 15ರವರೆಗೆ ಉಚಿತವಾಗಿ ಬದಲಿಸಿಕೊಡುತ್ತೇವೆ ಎಂದು ಅದರಲ್ಲಿತ್ತು. ಒಂದು ಕಾಗದವಿಲ್ಲ, ಒಂದು ಕರೆಯಿಲ್ಲ. ನನ್ನ ಬಿಲ್ಲಿನ ಮೇಲೆ ನನ್ನ ಮೊಬೈಲ್ ಸಂಖ್ಯೆ ಇದೆ, ಊರು ಇದೆ. ಸಹಾಯಧನದ ಕಡತದಲ್ಲಿ ಹೊಲದ ಸರ್ವೆ ನಂಬರು ಕೂಡ ಇದೆ. ಇಷ್ಟೆಲ್ಲ ಗೊತ್ತಿದ್ದವರು ನನಗೇ ಹೇಳದೆ ಊರಿಗೆಲ್ಲ ಹೇಳಿದ್ದೇವೆ ಎಂದರೆ ಒಪ್ಪುವುದು ಹೇಗೆ?

ಪ್ರಧಾನ ಕಚೇರಿಗೆ ಪತ್ರ ಬರೆದು ತಿಂಗಳು ದಾಟಿದೆ, ಉತ್ತರವಿಲ್ಲ. ಬೆಳಗಾವಿಯಲ್ಲಿ ಓದುತ್ತಿರುವ ಮಗಳು ಆ ವಿಡಿಯೊದ ಕೆಳಗೆ ನಮ್ಮ ದೂರನ್ನು ಬರೆದಳು. ಎರಡು ಗಂಟೆಯೊಳಗೆ, ವಿಷಾದಿಸುತ್ತೇವೆ, ಖಾಸಗಿ ಸಂದೇಶ ಕಳುಹಿಸಿ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ಕಳುಹಿಸಿದ ಮೇಲೆ ಮೌನ. ಅದರ ಬದಲು, ಕಂಪನಿಯ ಲಾಂಛನವನ್ನೇ ಹಾಕಿಕೊಂಡ ಬೇರೊಂದು ಖಾತೆಯವರು, ದೂರು ನೋಂದಾಯಿಸಲು 10 ರೂಪಾಯಿ ತುಂಬಿ ಎಂದು ಲಿಂಕ್ ಕಳುಹಿಸಿದರು. ಮಗಳು ಅದು ಮೋಸವೆಂದು ಗುರುತಿಸಿದಳು. ನಾನಾಗಿದ್ದರೆ ತುಂಬಿಬಿಡುತ್ತಿದ್ದೆ.

ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಡಂಗುರ ಸಾರುವವನು ಓಣಿ ಓಣಿಗೆ ಬಂದು, ಮನೆಯವರು ಹೊರಗೆ ಬರುವತನಕ ನಿಂತು ಹೇಳಿ ಹೋಗುತ್ತಿದ್ದ. ತಿಳಿಸುವುದು ಹೇಳುವವನ ಹೊಣೆಯಾಗಿತ್ತು. ಈಗ ಅದನ್ನು ಕೇಳುವವನ ಹೆಗಲಿಗೆ ಹೊರಿಸಿದ್ದಾರೆ. ಕಂಪನಿಯನ್ನು ಬಿಡುವ ಮನಸ್ಸು ನನಗಿಲ್ಲ. ಅವರ ಹಳೆಯ ಪೈಪು ಹದಿನಾಲ್ಕು ವರ್ಷ ಬಾಳಿಕೆ ಬಂದಿದೆ. ಆದರೆ ಗಡುವು ಮುಗಿದಿದೆ ಎಂಬ ಅವರ ಮಾತಿಗೆ ತಲೆಬಾಗಬೇಕೇ, ಇಲ್ಲವೆಂದರೆ ಯಾರ ಬಳಿಗೆ ಹೋಗಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಪಂಪ್‌ಸೆಟ್ ಅಂಗಡಿಯ ಲೆಕ್ಕಪತ್ರ ನೋಡಿದವಳು, ಬಾಗಲಕೋಟೆ

ನಿಮ್ಮ ಬರಹ ಓದಿ ಬೇಸರವಾಯಿತು. ನಾನು ಹನ್ನೊಂದು ವರ್ಷ ಪಂಪ್‌ಸೆಟ್ ಮಾರುವ ಅಂಗಡಿಯಲ್ಲಿ ಕೆಲಸ ಮಾಡಿದ್ದೇನೆ. ಆದ್ದರಿಂದ ಎಸ್‌ಎಂಎಸ್ ಏಕೆ ನಿಂತಿತು ಎಂಬುದನ್ನು ಹೇಳಬಲ್ಲೆ. ಅನಗತ್ಯ ಸಂದೇಶಗಳ ಕಾಟ ತಡೆಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ಹೊಸ ನಿಯಮಾವಳಿ ತಂದಿತು. ಅದರಂತೆ ಸಂದೇಶ ಕಳುಹಿಸುವ ಸಂಸ್ಥೆ ತನ್ನ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಿರಬೇಕು. 2021ರ ಮಾರ್ಚ್‌ನಲ್ಲಿ ಅದನ್ನು ಬಿಗಿಯಾಗಿ ಜಾರಿಗೆ ತರಲು ಹೊರಟಾಗ ಬ್ಯಾಂಕುಗಳ ಒಟಿಪಿಗಳೇ ತಡೆದು ನಿಂತಿದ್ದು ಅನೇಕರಿಗೆ ನೆನಪಿರಬಹುದು. ಆಗ ನಮ್ಮ ಮಾಲೀಕರಂತೆ ಬಹಳ ಮಂದಿ, ಈ ಉಸಾಬರಿ ಬೇಡ, ಫೇಸ್‌ಬುಕ್ ಪುಟ ಪುಕ್ಕಟೆ ಇದೆ, ವಾಟ್ಸಾಪ್ ಗುಂಪು ಪುಕ್ಕಟೆ ಇದೆ ಎಂದು ಆ ಕಡೆ ವಾಲಿದರು.

ಆದರೆ ನಿಯಮವೇ ಅಡ್ಡಿಯಾಗಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜಾಹೀರಾತಿನ ಸಂದೇಶ ಬೇರೆ, ಈಗಾಗಲೇ ಮಾರಿದ ವಸ್ತುವಿನ ಸುರಕ್ಷತೆ, ದುರಸ್ತಿ, ವಾರಂಟಿ ಕುರಿತ ಸೇವಾ ಸಂದೇಶ ಬೇರೆ. ಎರಡನೆಯದಕ್ಕೆ ಅವಕಾಶ ಇದ್ದೇ ಇದೆ.

ಪುಕ್ಕಟೆಯದನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು ನಾನು 2021ರ ಅಕ್ಟೋಬರ್ 4ರ ರಾತ್ರಿ ಕಂಡೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ನಿಂತುಹೋದ ದಿನವದು. ನಮ್ಮಲ್ಲಿ ರಾತ್ರಿ ಒಂಬತ್ತು ದಾಟಿದ ಹೊತ್ತು. ನಮ್ಮ ಭಾಗದಲ್ಲಿ ಆ ವಾರ ಮೂರು ಫೇಸ್ ಕರೆಂಟು ಕೊಡುತ್ತಿದ್ದುದು ರಾತ್ರಿಯೇ. ತಂದೆಯವರ ಹೊಲದಲ್ಲಿ ಸ್ಟಾರ್ಟರ್ ಸುಟ್ಟಿತು. ಮೆಕ್ಯಾನಿಕ್ಕನನ್ನು ಕರೆಯಬೇಕಾದ ಗುಂಪು ವಾಟ್ಸಾಪಿನಲ್ಲಿತ್ತು, ಅವನ ಸಂಖ್ಯೆಯನ್ನು ಬೇರೆಲ್ಲೂ ಬರೆದಿಟ್ಟುಕೊಂಡಿರಲಿಲ್ಲ. ಮರುದಿನವೇ ನಾನು ಎಲ್ಲ ಸಂಖ್ಯೆಗಳನ್ನು ನೋಟ್‌ಬುಕ್ಕಿಗೆ ಇಳಿಸಿದೆ.

ಇನ್ನೊಂದು ಮಾತು. ನಮ್ಮಲ್ಲೂ ಒಮ್ಮೆ ಸ್ಟಾರ್ಟರುಗಳ ಒಂದು ಲಾಟಿನಲ್ಲಿ ರಿಲೇ ಕೆಟ್ಟಿದ್ದು ತಿಳಿಯಿತು. ಬಿಲ್ಲಿನ ಕಾರ್ಬನ್ ಪ್ರತಿಗಳನ್ನು ಮುಂದಿಟ್ಟುಕೊಂಡು ನಾವಿಬ್ಬರು ಎರಡು ದಿನ ಕರೆ ಮಾಡುತ್ತ ಕುಳಿತೆವು. ಸಂಖ್ಯೆ ಬದಲಾಗಿದ್ದವರಿಗೆ ಅವರ ಊರಿನ ಹಾಲಿನ ಡೇರಿಯ ಮೂಲಕ ಹೇಳಿಕಳುಹಿಸಿದೆವು. ಸಣ್ಣ ಅಂಗಡಿಗೆ ಸಾಧ್ಯವಾದದ್ದು ದೊಡ್ಡ ಕಂಪನಿಗೆ ಅಸಾಧ್ಯವಲ್ಲ.

ಉತ್ತರ 2: ಅಂತರ್ಜಾಲ ಪುಟಗಳನ್ನು ನಡೆಸುವವನು, ಜಮಖಂಡಿ

ಇಂತಹ ಪುಟಗಳನ್ನು ನಡೆಸುವುದೇ ನನ್ನ ಉದ್ಯೋಗ. ಆದ್ದರಿಂದ ಒಳಗಿನ ವಿಷಯ ಹೇಳುವುದು ಕರ್ತವ್ಯವೆಂದು ಭಾವಿಸುತ್ತೇನೆ. ನೀವು ಆ ಪುಟವನ್ನು ಅನುಸರಿಸುತ್ತಿದ್ದರೂ ಆ ಸೂಚನೆ ನಿಮ್ಮ ಕಣ್ಣಿಗೆ ಬೀಳುತ್ತಿತ್ತು ಎಂಬ ಖಾತರಿ ಇರಲಿಲ್ಲ. ಬಂಧುಮಿತ್ರರ ಬರಹಗಳಿಗೆ ಆದ್ಯತೆ, ವ್ಯಾಪಾರಿ ಪುಟಗಳಿಗೆ ನಂತರದ ಸ್ಥಾನ ಎಂದು ಫೇಸ್‌ಬುಕ್ 2018ರ ಜನವರಿಯಲ್ಲಿಯೇ ಬಹಿರಂಗವಾಗಿ ಘೋಷಿಸಿದೆ. ಇನ್‌ಸ್ಟಾಗ್ರಾಮ್‌ನ ಸ್ಟೋರಿ 24 ಗಂಟೆಯ ನಂತರ ತಾನಾಗಿ ಮರೆಯಾಗುತ್ತದೆ. ಯಾರಿಗೆ ಏನು ಕಾಣಬೇಕೆಂದು ನಿರ್ಧರಿಸುವುದು ಆ ಜಾಲತಾಣಗಳೇ ಹೊರತು ಪೈಪಿನ ಕಂಪನಿಯಲ್ಲ. ವಿಡಿಯೊವನ್ನು ಇಷ್ಟು ಸಾವಿರ ಮಂದಿ ನೋಡಿದರು ಎಂದು ನಾವು ಮಾಲೀಕರಿಗೆ ವರದಿ ಕೊಡುತ್ತೇವೆ. ಆ ಸಾವಿರಗಳಲ್ಲಿ ಆ ಬ್ಯಾಚಿನ ಪೈಪು ಕೊಂಡವರು ಎಷ್ಟು ಮಂದಿ ಎಂದು ಇದುವರೆಗೆ ಒಬ್ಬ ಮಾಲೀಕರೂ ನನ್ನನ್ನು ಕೇಳಿಲ್ಲ, ನಾನಾಗಿಯೂ ಹೇಳಿರಲಿಲ್ಲ. ನಿಮ್ಮ ಬರಹ ಓದಿದ ಮೇಲೆ ಆ ತಪ್ಪು ನನ್ನದೂ ಹೌದು ಎನಿಸಿದೆ.

ನಿಮ್ಮ ಮಗಳಿಗೆ ಎರಡು ಗಂಟೆಯಲ್ಲಿ ಉತ್ತರ ಬಂದದ್ದಕ್ಕೂ ಕಾರಣವಿದೆ. ಅನೇಕ ಕಂಪನಿಗಳಲ್ಲಿ ಉತ್ತರಿಸುವವರು ಯಾವುದೋ ನಗರದಲ್ಲಿ ಕುಳಿತ ಏಜೆನ್ಸಿಯ ಸಿಬ್ಬಂದಿ. ಅವರ ಮುಂದೆ ನಿಮ್ಮ ಬಿಲ್ಲು ಇರುವುದಿಲ್ಲ, ಪೈಪು ಬದಲಿಸಿಕೊಡುವ ಅಧಿಕಾರವೂ ಇರುವುದಿಲ್ಲ. ಸಿಟ್ಟಿನ ಮಾತು ಎಲ್ಲರಿಗೂ ಕಾಣುವ ಜಾಗದಿಂದ ಖಾಸಗಿ ಜಾಗಕ್ಕೆ ಸರಿದರೆ ಅವರ ಕೆಲಸ ಮುಗಿಯಿತು.

ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಡಿಸ್ಕ್ ಫಿಲ್ಟರ್ ತೊಳೆಯುವುದು, ನೀರಿನೊಂದಿಗೆ ಗೊಬ್ಬರ ಬೆರೆಸುವ ವೆಂಚುರಿ ಜೋಡಿಸುವುದು ಇಂಥವನ್ನು ಕನ್ನಡದಲ್ಲಿ ತೋರಿಸುವ ವಿಡಿಯೊಗಳಿಂದ ನಮ್ಮ ಭಾಗದ ಕಬ್ಬಿನ ಬೆಳೆಗಾರರಿಗೆ ಉಪಕಾರವಾಗಿದೆ, ಕಾಗದದಲ್ಲಿ ಬರೆದು ಅದನ್ನು ಕಲಿಸಲಾಗದು. ಕಲಿಸುವುದಕ್ಕೆ ಜಾಲತಾಣ ಇರಲಿ. ದೋಷವಿದ್ದ ವಸ್ತುವನ್ನು ಹಿಂಪಡೆಯುವ ಸೂಚನೆ ಮಾತ್ರ ಕೊಂಡವರ ಕೈಗೇ ತಲುಪಬೇಕು. ಮೊದಲು ಆ ರೀಲ್, ಅದರ ದಿನಾಂಕ, ಮಗಳ ದೂರು, ಅವರ ಉತ್ತರ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಅದನ್ನು ಅಳಿಸಲು ಅವರಿಗೆ ಒಂದು ಕ್ಷಣ ಸಾಕು.

ಉತ್ತರ 3: ಗ್ರಾಹಕ ವ್ಯಾಜ್ಯಗಳಲ್ಲಿ ನೆರವಾಗುವವನು, ಬೆಳಗಾವಿ

ಗಡುವು ಮುಗಿದಿದೆ ಎಂಬುದು ಅವರು ತಾವೇ ಹಾಕಿಕೊಂಡ ಗೆರೆ, ಕಾನೂನಿನ ಗೆರೆಯಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬಹುದು. ರೈತನು ಗ್ರಾಹಕನಲ್ಲ, ವ್ಯಾಪಾರಕ್ಕಾಗಿ ಕೊಂಡಿದ್ದಾನೆ ಎಂದು ಕಂಪನಿಯ ವಕೀಲರು ಎತ್ತುವ ಆಕ್ಷೇಪಕ್ಕೆ ಅಂಜಬೇಡಿ. ಬೀಜ ಕೊಂಡ ರೈತರೂ ಗ್ರಾಹಕರೇ ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ, ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಕೊಂಡದ್ದನ್ನು ಕಾಯ್ದೆಯೇ ವ್ಯಾಪಾರವೆಂದು ಎಣಿಸುವುದಿಲ್ಲ. ಕಂಪನಿಯ ಪ್ರಧಾನ ಕಚೇರಿ ಎಲ್ಲಿಯೇ ಇರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ, ಅಂದರೆ ವಿಜಯಪುರದಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ.

ಅದಕ್ಕೂ ಮುನ್ನ ಒಂದು ಕೆಲಸ ಮಾಡಿ. ಪೈಪಿನ ಮೇಲಿನ ಮಣ್ಣು ಒರೆಸಿ ಅಚ್ಚನ್ನು ಓದಿ. ಐಎಸ್‌ಐ ಗುರುತಿನ ಇನ್‌ಲೈನ್ ಪೈಪಾದರೆ ಐಎಸ್ 13488 ಎಂಬ ಮಾನಕ ಸಂಖ್ಯೆ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಅಲ್ಲಿರಬೇಕು. ಲೈಸೆನ್ಸ್ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂಬುದನ್ನು ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಮಗಳು ನೋಡಬಹುದು. ಬ್ಯಾಚು ರೀಲ್‌ನಲ್ಲಿ ಹೇಳಿದ್ದೇ ಆಗಿದ್ದರೆ, ಪೈಪಿನಲ್ಲಿ ದೋಷವಿತ್ತು ಎಂಬುದನ್ನು ನೀವು ಸಾಧಿಸಬೇಕಾಗಿಲ್ಲ, ಕಂಪನಿಯೇ ಒಪ್ಪಿಕೊಂಡಂತಾಯಿತು. ಆ ವಿವರಗಳೊಂದಿಗೆ ಹೊಸ ಪತ್ರ ಬರೆದು, ಹದಿನೈದು ದಿನದಲ್ಲಿ ಬದಲಿಸಿಕೊಡಿ ಎಂದು ನಮೂದಿಸಿ, ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಸಹಾಯಧನದಲ್ಲಿ ಹಾಕಿಸಿದ್ದರಿಂದ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೂ ಒಂದು ಪ್ರತಿ ಕೊಡಿ. ಇಷ್ಟಕ್ಕೂ ಬಗ್ಗದಿದ್ದರೆ ಆಯೋಗಕ್ಕೆ ಹೋಗಿ. 2025ರ ಜನವರಿಯಿಂದ ಇ-ಜಾಗೃತಿ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದಾಗಿದೆ. ತಂಬಿಗೆ ಇಟ್ಟು ಅಳೆದ ನಿಮ್ಮ ಪರೀಕ್ಷೆಯನ್ನು ಇನ್ನೊಮ್ಮೆ, ಇಬ್ಬರು ಸಾಕ್ಷಿಗಳ ಎದುರಿಗೆ, ವಿಡಿಯೊ ಮಾಡುತ್ತ ನಡೆಸಿ.

ಪ್ರಶ್ನೆ ಕೇಳಿದವರು: ದ್ರಾಕ್ಷಿ ಬೆಳೆಗಾರ, ತಿಕೋಟಾ

ಮೂವರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಒದ್ದೆ ಬಟ್ಟೆ ಹಿಡಿದು ಪೈಪು ಒರೆಸಿದೆವು. ಬಿಸಿಲಿಗೆ ಅಚ್ಚು ಮಾಸಿತ್ತು. ಹೆಂಡತಿ ಪೈಪಿನ ಮೇಲೆ ಸ್ವಲ್ಪ ವಿಭೂತಿ ತೀಡಿದ ಮೇಲೆ ಅಂಕಿಗಳು ಬೆಳ್ಳಗೆ ಎದ್ದು ಕಂಡವು. ರೀಲ್‌ನಲ್ಲಿ ಹೇಳಿದ ಬ್ಯಾಚುಗಳಲ್ಲಿ ಎರಡನೆಯದು ನಮ್ಮದು. ಪತ್ರ ಇಂದು ಬೆಳಿಗ್ಗೆ ಸ್ಪೀಡ್ ಪೋಸ್ಟಿಗೆ ಹೋಯಿತು. 1915ಕ್ಕೂ ಕರೆ ಮಾಡಿದೆ, ದೂರಿನ ಸಂಖ್ಯೆ ಕೊಟ್ಟಿದ್ದಾರೆ.

ಅದಾದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ನನ್ನ ಮಾತು ನಂಬಿ ಅದೇ ಪೈಪು ಹಾಕಿಸಿಕೊಂಡ ನಮ್ಮ ಓಣಿಯ ನಾಲ್ಕು ಮನೆಯವರ ಹೊಲಗಳಿಗೂ ಹೋಗಿ, ಅವರೆದುರಿಗೇ ಪೈಪು ಒರೆಸಿ ಓದಿದೆ. ಇಬ್ಬರದು ಹಳೆಯ ಪೈಪು, ತೊಂದರೆಯಿಲ್ಲ. ಇನ್ನಿಬ್ಬರದು ಅದೇ ಬ್ಯಾಚು. ಅವರಲ್ಲೊಬ್ಬರು ಎಂಟು ತಿಂಗಳಿನಿಂದ ಆಸಿಡ್ ಬಿಡುತ್ತಲೇ ಇದ್ದಾರೆ. ಅವರಿಬ್ಬರ ಬಿಲ್ಲಿನ ಜೆರಾಕ್ಸ್ ಪ್ರತಿಗಳನ್ನೂ ಸೇರಿಸಿಕೊಂಡು ಸೋಮವಾರ ಮೂವರೂ ತೋಟಗಾರಿಕೆ ಇಲಾಖೆಗೆ ಹೋಗುತ್ತಿದ್ದೇವೆ. ಇಂಡಿಯ ಬೀಗರಿಗೆ ಈ ರಾತ್ರಿ ಕರೆ ಮಾಡಬೇಕು.