ನಿನ್ನೆಯ ಆಲಿಕಲ್ಲು: ನನ್ನ ಮಳೆಮಾಪಕದಲ್ಲಿ 38 ಮಿ.ಮೀ. ತೋರಿಸ್ತಿದೆ, ನಂಬೋದಾ?

ಮೋಡನೋಡುಗ (ಕುವೆಂಪುನಗರ, ಮೈಸೂರು)

ನಿನ್ನೆ ಸಂಜೆ ಈ ಕಡೆ ಇದ್ದವರಿಗೆ ಗೊತ್ತೇ ಇರುತ್ತದೆ. ನಾಲ್ಕೂವರೆಗೆ ಚಾಮುಂಡಿ ಬೆಟ್ಟ ಕಾಣದಷ್ಟು ಕಪ್ಪು ಕವಿಯಿತು. 4:50ಕ್ಕೆ ಧೂಳು ಗಾಳಿ. 5:05ಕ್ಕೆ ಪಕ್ಕದ ಮನೆಯ ಶೀಟಿನ ಮೇಲೆ ಮೊದಲ ಕಲ್ಲು ಟಣ್ ಅಂತ ಬಿತ್ತು, ಆಮೇಲೆ ಲೆಕ್ಕ ಇಡೋಕೆ ಆಗಲಿಲ್ಲ. 5:17ಕ್ಕೆ ನಿಂತಿತು. ಒಟ್ಟು 12 ನಿಮಿಷ. ಟೆರೇಸಿನ ಮೂಲೆಯಲ್ಲಿ ಒಂದು ಗೇಣು ರಾಶಿ, ಬೀದಿ ಮಕ್ಕಳೆಲ್ಲ ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಓಡಿದ್ದೇ ಓಡಿದ್ದು.

ಈಗ ವಿಷಯಕ್ಕೆ ಬರ್ತೀನಿ. ನನ್ನ ಹತ್ತಿರ ಇರೋದು ಮನೆಯಲ್ಲೇ ಮಾಡಿದ ಮಳೆಮಾಪಕ. 10 ಸೆಂ.ಮೀ. ಅಗಲದ ಫನಲ್, ಕೆಳಗೆ ಅಷ್ಟೇ ಅಗಲದ ನೇರ ಡಬ್ಬ. ಹೋಗಿ ನೋಡಿದರೆ ಫನಲ್ ತುಂಬಾ ಕಲ್ಲು ಕಟ್ಟಿಕೊಂಡಿದೆ, ನೀರು ಇಳಿಯುತ್ತಿಲ್ಲ. ಕೆಳಗಿಂದ ಅಮ್ಮ ಕೂಗ್ತಿದ್ದಾರೆ, ಅಡುಗೆಮನೆಗೆ ನೀರು ನುಗ್ಗಿದೆ ಅಂತ. ಅವಸರದಲ್ಲಿ ಒಂದು ಲೋಟ ಬಿಸಿನೀರು ತಂದು ಮೇಲಿಂದ ಸುರಿದುಬಿಟ್ಟೆ. ಕಲ್ಲೆಲ್ಲ ಕರಗಿತು, ಅಳೆದರೆ 38 ಮಿ.ಮೀ.! ಲೋಟದ ನೀರು ಅದರಲ್ಲೇ ಸೇರಿದೆ ಅಂತ ಹೊಳೆದದ್ದು ರಾತ್ರಿ ಊಟಕ್ಕೆ ಕೂತಾಗ. ಈ ಲೆಕ್ಕ ಪುಸ್ತಕಕ್ಕೆ ಬರೆಯೋದಾ, ಬಿಡೋದಾ?

ಇನ್ನೊಂದು. ಕಲ್ಲು ನಿಂತ ಮೇಲೆ ರಸ್ತೆ ಮೇಲೆ ಮೊಣಕಾಲೆತ್ತರಕ್ಕೆ ಹೊಗೆ ಥರ ಹರಿದಾಡ್ತಿತ್ತು. ಅದೇನು? ನಮ್ಮ ನೆಂಟರ ಗ್ರೂಪಲ್ಲಂತೂ "ಮೈಸೂರಿನಲ್ಲಿ ಹಿಮಪಾತ" ಅಂತ ವಿಡಿಯೊ ಹರಿದಾಡ್ತಿದೆ. ಅದು ಸ್ನೋ ಅಲ್ಲ ಅಂತ ಹೇಳಿದೆ, ಯಾಕಲ್ಲ ಅಂತ ಕೇಳಿದರೆ ತಡವರಿಸಿದೆ.

ನಾಲ್ಕುಹನಿ (ವಿಜಯನಗರ, ಮೈಸೂರು)

ಲೋಟದಲ್ಲಿ ಮಳೆ ಜಾಸ್ತಿ ಮಾಡೋದು ಇಷ್ಟು ಸುಲಭ ಅಂತ ಗೊತ್ತಿದ್ದರೆ ಕೆಆರ್‌ಎಸ್ ಯಾವತ್ತೋ 124.80 ಅಡಿ ಮುಟ್ಟಿಸಬಹುದಿತ್ತು 😀

ನಮ್ಮ ಕಡೆ ಬರೀ ಗುಡುಗು, ಆಮೇಲೆ ನಾಲ್ಕು ಹನಿ. ಬಟ್ಟೆ ಕೂಡ ಒಳಗೆ ತೆಗೆಯಲಿಲ್ಲ. ಮುಂದಿನ ಸಲ ಕಲ್ಲಿನ ಪಕ್ಕ ಹತ್ತು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ. ನಾಣ್ಯ 27 ಮಿ.ಮೀ. ಅಗಲ, ಅಳತೆ ಅಲ್ಲೇ ಸಿಗುತ್ತದೆ. ಎಲ್ಲರೂ "ನಿಂಬೆಹಣ್ಣಿನ ಗಾತ್ರ" ಅಂತಾರೆ, ಹತ್ತಿರ ಹೋಗಿ ನೋಡಿದರೆ ಕಡಲೆಕಾಳು.

ಗಾಳಿಗೋಪುರ (ಸರಸ್ವತಿಪುರಂ, ಮೈಸೂರು)

ಸ್ನೋ ವಿಷಯ ಹೇಳ್ತೀನಿ. ಸ್ನೋ ಅಂದರೆ ಮೋಡದೊಳಗೆ ಆವಿ ನೇರವಾಗಿ ಹರಳಾಗಿ ಬೆಳೆಯೋದು. ಅದು ಹಗುರ, ತೇಲಿಕೊಂಡು ಇಳಿಯುತ್ತದೆ, ನೆಲದವರೆಗೂ ಗಾಳಿ ಚಳಿಯಾಗಿದ್ದರೆ ಮಾತ್ರ ಹಾಗೇ ಉಳಿಯುತ್ತದೆ. ಮೈಸೂರಿನಲ್ಲಿ ಜನವರಿ ಬೆಳಗ್ಗೆ 15 ಡಿಗ್ರಿಗೇ ಸ್ವೆಟರ್ ಹುಡುಕ್ತೀವಿ, ಸೊನ್ನೆ ಎಲ್ಲಿ ಬಂತು.

ಆಲಿಕಲ್ಲಿನ ದಾರಿ ಬೇರೆ. ಏಪ್ರಿಲ್ ಬಿಸಿಲಿಗೆ ನೆಲ ಕಾದು, ತೇವದ ಗಾಳಿ ಜೋರಾಗಿ ಮೇಲೇಳುತ್ತದೆ, ಮೋಡ 12-15 ಕಿ.ಮೀ. ಎತ್ತರಕ್ಕೆ ಬೆಳೆಯುತ್ತದೆ. ಸೊನ್ನೆಗಿಂತ ಕೆಳಗೆ ತಣ್ಣಗಾಗಿಯೂ ಗಟ್ಟಿಯಾಗದ ನೀರಿನ ಹನಿಗಳು ಅಲ್ಲಿ ತುಂಬಾ ಇರುತ್ತವೆ. ಒಂದು ಐಸ್ ತುಣುಕು ಸಿಕ್ಕಿದರೆ ಸಾಕು, ಅದಕ್ಕೆ ಬಡಿದು ಅಂಟಿಕೊಂಡು ಹೆಪ್ಪುಗಟ್ಟುತ್ತವೆ. ಮೇಲೇರುವ ಗಾಳಿ ಹೊರೋ ತನಕ ಹೊರುತ್ತದೆ, ಭಾರ ತಡೆಯದಾದಾಗ ಕೈಬಿಡುತ್ತದೆ. ದೊಡ್ಡ ಕಲ್ಲೊಂದನ್ನು ಚಾಕುವಿನಲ್ಲಿ ಕೊಯ್ದು ನೋಡಿ, ಈರುಳ್ಳಿ ಥರ ಒಂದು ಪದರ ಬೆಳ್ಳಗೆ, ಒಂದು ಗಾಜಿನ ಹಾಗೆ. ಬೇಸಿಗೆಯಲ್ಲಿ ನಮ್ಮ ತಲೆ ಮೇಲೆ ಸೊನ್ನೆ ಡಿಗ್ರಿ ಇರೋದು ಸಮುದ್ರಮಟ್ಟದಿಂದ ಸುಮಾರು 5 ಕಿ.ಮೀ. ಎತ್ತರದಲ್ಲಿ, ಮೈಸೂರು ಇರೋದು ಸುಮಾರು 770 ಮೀಟರ್‌ನಲ್ಲಿ. ಗೋಲಿ ಗಾತ್ರದ ಕಲ್ಲು ಸೆಕೆಂಡಿಗೆ 10 ಮೀಟರಿಗಿಂತ ಜೋರಾಗಿ ಬೀಳುತ್ತದೆ, ಅಂದರೆ ಆರೇಳು ನಿಮಿಷದೊಳಗೆ ನೆಲದಲ್ಲಿರುತ್ತದೆ, ಪೂರ್ತಿ ಕರಗೋಕೆ ಪುರುಸೊತ್ತೇ ಇಲ್ಲ. ಜುಲೈನಲ್ಲಿ ವಾರಗಟ್ಟಲೆ ಮೋಡ ಮುಚ್ಚಿದ್ದರೂ ಒಂದು ಕಲ್ಲು ಬೀಳಲ್ಲ, ಅಲ್ವಾ? ಮುಂಗಾರಿನ ಮೋಡದಲ್ಲಿ ಗಾಳಿಯ ಎತ್ತುವಿಕೆ ಸೌಮ್ಯ. ಕಲ್ಲು ಬೆಳೆಯೋ ತನಕ ಹೊತ್ತುಕೊಂಡಿರೋ ಶಕ್ತಿ ಅದಕ್ಕಿಲ್ಲ.

ಆ ಹೊಗೆ ಮಂಜೇ. ಕಲ್ಲಿನ ರಾಶಿ ತನ್ನ ಮೇಲಿನ ತೇವದ ಗಾಳಿಯನ್ನು ತಣ್ಣಗೆ ಮಾಡಿತು, ಆವಿ ಹನಿಯಾಯ್ತು. ಗಾಳಿ ಬೀಸಿದ್ದರೆ ನಿಮಗೆ ಕಾಣ್ತಾನೇ ಇರಲಿಲ್ಲ.

ಪಾಂಡವಪುರದವ (ಈಗ ಆಸ್ಟಿನ್, ಅಮೆರಿಕ)

ಲೋಟದ ಕೆಲಸ ತಪ್ಪಲ್ಲ, ಅಳೆಯದೆ ಸುರಿದದ್ದಷ್ಟೇ ತಪ್ಪು. ಇಲ್ಲಿ ಚಳಿಗಾಲದಲ್ಲಿ ನಾವು ಮಾಡೋದೂ ಅದನ್ನೇ.

ನಾನು ಇಲ್ಲಿ ಕೊಕೊರಾಸ್ ಅನ್ನೋ ಗುಂಪಿಗೆ ದಿನಾ ಬೆಳಗ್ಗೆ ಮಳೆ ಲೆಕ್ಕ ಕಳಿಸ್ತೀನಿ. 1997ರಲ್ಲಿ ಕೊಲರಾಡೊದ ಫೋರ್ಟ್ ಕಾಲಿನ್ಸ್ ಊರಿನಲ್ಲಿ ದೊಡ್ಡ ಪ್ರವಾಹ ಆಯ್ತು. ಅದೇ ಊರಿನ ಒಂದು ಕಡೆ ಭಾರೀ ಮಳೆ, ಇನ್ನೊಂದು ಕಡೆ ಏನೂ ಇಲ್ಲ. ವಿಜಯನಗರದವರ ನಾಲ್ಕು ಹನಿ ಥರಾನೇ. ಹಾಗಾಗಿ 1998ರಲ್ಲಿ ಮನೆಮನೆಯಲ್ಲೂ ಅಳೆಯೋ ಜನರನ್ನು ಸೇರಿಸೋಕೆ ಶುರು ಮಾಡಿದರು. ಸ್ನೋ, ಐಸ್ ಬರುತ್ತೆ ಅಂತ ಗೊತ್ತಾದರೆ ಫನಲ್ಲನ್ನು ಮೊದಲೇ ತೆಗೆದಿಡ್ತೀವಿ, ಬಿದ್ದದ್ದು ನೇರ ಡಬ್ಬಕ್ಕೇ ಬೀಳಲಿ ಅಂತ. ಆಮೇಲೆ ಅಳೆದ ಬಿಸಿನೀರು ಹಾಕಿ ಕರಗಿಸಿ, ಹಾಕಿದಷ್ಟನ್ನು ಕಳೆಯೋದು.

2023ರ ಜನವರಿ ಕೊನೆಗೆ ಇಲ್ಲಿ ಬಿದ್ದದ್ದು ಸ್ನೋನೂ ಅಲ್ಲ, ಆಲಿಕಲ್ಲೂ ಅಲ್ಲ. ನೋಡೋಕೆ ನಮ್ಮೂರ ಸೋನೆ ಮಳೆ. ಮೇಲೆ ಬೆಚ್ಚಗಿನ ಗಾಳಿಯ ಪದರ, ಅಲ್ಲಿ ಸ್ನೋ ಕರಗಿ ಹನಿಯಾಗುತ್ತದೆ. ನೆಲದ ಹತ್ತಿರ ಮಾತ್ರ ಸೊನ್ನೆಗಿಂತ ಕೆಳಗೆ. ಹನಿ ಮುಟ್ಟಿದ ಕಡೆಯೇ ಗಾಜಾಗುತ್ತದೆ. ತಂತಿ, ಬೇಲಿ, ಕಾರಿನ ಬಾಗಿಲ ಹಿಡಿ, ಎಲ್ಲ. ಇಲ್ಲಿನ ಲೈವ್ ಓಕ್ ಮರ ಚಳಿಗಾಲದಲ್ಲೂ ಎಲೆ ಉದುರಿಸಲ್ಲ, ಹಾಗಾಗಿ ಒಂದೊಂದು ಎಲೆಗೂ ಐಸ್ ಕೂತಿತು. ನಾನು ಒಂದು ಎಲೆ ಹಿಡಿದು ಎಳೆದೆ. ಎಲೆ ಕೊಂಬೆಯಲ್ಲೇ ಉಳಿಯಿತು, ಕೈಗೆ ಬಂದದ್ದು ಅದರ ಗಾಜಿನ ಅಚ್ಚು, ನರಗಳ ಗೆರೆ ಸಮೇತ. ಆ ರಾತ್ರಿ ಪೂರ್ತಿ ಪಟಾಕಿ ಸಿಡಿದ ಹಾಗೆ ಕೊಂಬೆ ಮುರಿಯೋ ಸದ್ದು. ಕರೆಂಟ್ ಹೋದದ್ದು ಬರೋಕೆ ಎಷ್ಟೋ ಮನೆಗೆ ದಿನಗಳೇ ಹಿಡಿದವು. ಬೆಳಗ್ಗೆ ನನ್ನ ಮಾಪಕವನ್ನು ಕಂಬದಿಂದ ಬಿಡಿಸೋಕೇ ಒಂದು ಕೆಟಲ್ ಬಿಸಿನೀರು ಬೇಕಾಯ್ತು.

ನಿಮಗೆ ಒಂದು ಐಡಿಯಾ: ಒಂದಡಿ ಚೌಕದ ಥರ್ಮಕೋಲಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಬಿಗಿಯಾಗಿ ಸುತ್ತಿ ಟೆರೇಸಿನಲ್ಲಿ ಇಡಿ. ಬಿದ್ದ ಕಲ್ಲಿನ ಗುಳಿ ಎಲ್ಲ ಅದರಲ್ಲಿ ಉಳಿಯುತ್ತದೆ. ಎಷ್ಟು ಬಿತ್ತು, ಎಷ್ಟು ದಪ್ಪ, ಗಾಳಿ ಯಾವ ಕಡೆಯಿಂದ, ಆರಾಮಾಗಿ ಮರುದಿನ ನೋಡಬಹುದು.

ಕಬ್ಬಿನಗದ್ದೆ (ಮಂಡ್ಯ ತಾಲ್ಲೂಕು)

ನೀವೆಲ್ಲ ಅಳೆದುಕೊಂಡು ಖುಷಿಯಾಗಿದ್ದೀರಿ, ಇರಲಿ. ನಮ್ಮ ಕಡೆ ಇದಕ್ಕೆ ಆನೆಕಲ್ಲು ಮಳೆ ಅಂತೀವಿ. ಅದೇ ಮೋಡವೋ ಬೇರೆಯದೋ, ನಮ್ಮಲ್ಲಿಗೆ ಆರೂಕಾಲಿಗೆ ಬಂತು. ಕಬ್ಬಿಗೆ ಗರಿ ಸೀಳಿದೆ ಅಷ್ಟೇ, ಎದ್ದುಕೊಳ್ಳುತ್ತದೆ. ಬಾಳೆ ಹೋಯ್ತು. ಎಲೆ ಬಾಚಣಿಗೆ ಥರ ಆಗಿದೆ, ಗೊನೆಗೆ ನೆರಳೇ ಇಲ್ಲ, ಇನ್ನು ಬಿಸಿಲಿಗೆ ಸುಡುತ್ತದೆ. ಒಣಗಿದ ಗರಿ ಹೊದಿಸ್ತಾ ಇದ್ದೀನಿ. ಹೋದ ಸಲ ಎರಡು ಸಲ ಕಚೇರಿಗೆ ಅಲೆದೆ, ಬಂದು ನೋಡ್ತೀವಿ ಅಂದರು, ನೋಡೋಕೆ ಬಂದಾಗ ಗೊನೆ ಕಡಿದಾಗಿತ್ತು.

ಓದೋರಲ್ಲಿ ರೈತರಿದ್ದರೆ, ಫಸಲ್ ಬಿಮಾ (ಬೆಳೆ ವಿಮೆ) ಮಾಡಿಸಿದ್ದರೆ ಆಲಿಕಲ್ಲು ಬಿದ್ದ 72 ಗಂಟೆಯೊಳಗೆ ತಿಳಿಸಬೇಕು. ನಾಳೆ ನಾಡಿದ್ದು ಅನ್ನಬೇಡಿ. ನಾಲ್ಕುಹನಿ ಅವರ ನಾಣ್ಯದ ಫೋಟೊ ಅದಕ್ಕೂ ಆಗುತ್ತದೆ. ಅಳತೆ, ಸಮಯ ಬರೆದಿಟ್ಟ ಮೋಡನೋಡುಗರಂಥವರು ಹಳ್ಳಿಗೊಬ್ಬರು ಇದ್ದಿದ್ದರೆ ನಾವು ಕಲ್ಲು ಬಿದ್ದಿದ್ದೇ ಸುಳ್ಳು ಅನ್ನಿಸಿಕೊಳ್ತಿರಲಿಲ್ಲ.

ಮೋಡನೋಡುಗ

ಅಣ್ಣ, ಬಾಳೆ ವಿಷಯ ಓದಿ ಬೇಜಾರಾಯ್ತು. ನನ್ನ ಪುಸ್ತಕದಲ್ಲಿ ಸಮಯ, ಫೋಟೊ ಇದೆ, ಮಂಡ್ಯಕ್ಕೆ ಉಪಯೋಗ ಇಲ್ಲ, ಆದರೂ.

ಲೋಟ ಅಳೆದೆ. ಔಷಧಿ ಬಾಟಲಿಯ ಮುಚ್ಚಳದಲ್ಲಿ 10 ಮಿ.ಲೀ. ಲೆಕ್ಕದಲ್ಲಿ 15 ಸಲ ಸುರಿದೆ, 150 ಮಿ.ಲೀ. ನನ್ನ ಫನಲ್ ಬಾಯಿ 78.5 ಚದರ ಸೆಂ.ಮೀ., ಅಂದರೆ 1 ಮಿ.ಮೀ. ಮಳೆಗೆ 7.85 ಮಿ.ಲೀ. ಲೋಟದ ಪಾಲು 19 ಮಿ.ಮೀ., ಉಳಿದದ್ದು 19. ಅರ್ಧಕ್ಕರ್ಧ ನಮ್ಮನೆ ನೀರೇ! ಫನಲ್ಲಿಂದ ಪುಟಿದು ಆಚೆ ಹೋದ ಕಲ್ಲು ಲೆಕ್ಕಕ್ಕಿಲ್ಲ, ಹಾಗಾಗಿ "19, ಇನ್ನೂ ಸ್ವಲ್ಪ ಜಾಸ್ತಿ ಇರಬಹುದು" ಅಂತ ಬರೆದೆ.

ಹೊಸ ಟಿವಿ ಬಂದ ಡಬ್ಬದ ಥರ್ಮಕೋಲ್ ಅಟ್ಟದ ಮೇಲೆ ಸಿಕ್ಕಿತು. ಫಾಯಿಲ್ ಮಾತ್ರ ಅಮ್ಮ ಕೊಡ್ತಿಲ್ಲ, ಚಪಾತಿ ಸುತ್ತೋಕೆ ಬೇಕಂತೆ.