ಕ್ಯಾಪ್ಸೈಸಿನ್ ಪೀಕ್ ಮಧ್ಯಾಹ್ನ ಬೇಗ ಬರ್ತಿದೆ, ಸಾಕಾಗಿ ಹೋಗಿದೆ

ಕಡ್ಡಿಕಾಯಿ_ಹಾವೇರಿ: ನಾಲ್ಕು ದಿನದಿಂದ ತಲೆ ಕೆಟ್ಟಿದೆ. ಮೆಣಸಿನಕಾಯಿ ಸೀಸನ್, ಸ್ಯಾಂಪಲ್ ರಾಶಿ ಬಿದ್ದಿದೆ. ಎಚ್‌ಪಿಎಲ್‌ಸಿಯಲ್ಲಿ (ದ್ರಾವಣದ ಅಂಶ ಬೇರ್ಪಡಿಸಿ ಅಳೆಯೋ ಮಷೀನು) ಖಾರದ ಅಂಶ ಕ್ಯಾಪ್ಸೈಸಿನ್ ಅಳೀತಿದ್ದೀನಿ. ಬೆಳಿಗ್ಗೆ ಅದರ ಪೀಕ್ (ಗ್ರಾಫಿನ ಏರು) 9.1 ನಿಮಿಷಕ್ಕೆ ಬರುತ್ತೆ, ಮಧ್ಯಾಹ್ನ 8.2ಕ್ಕೆ. ರಾತ್ರಿ ಮತ್ತೆ 9ರ ಹತ್ತಿರ. ಹೊಸ ಕಾಲಂ (ಅಂಶ ಬೇರ್ಪಡಿಸೋ ಕೊಳವೆ) ಹಾಕಿದೆ, ಅದೇ ಕಥೆ. ಕಾಲಂ ಸಿ18 ಅನ್ನೋ ಜಾತಿ, ಡಿಟೆಕ್ಟರ್ 280 ನ್ಯಾನೋಮೀಟರ್, ಉಳಿದಿದ್ದೆಲ್ಲ ಮಾಮೂಲಿ.

ಹಳೇಪಂಪು_ಹುಬ್ಬಳ್ಳಿ: ಪಂಪಿನ ಚೆಕ್ ವಾಲ್ವ್ (ದ್ರವ ವಾಪಸ್ ಹರಿಯದಂತೆ ತಡೆಯೋದು). ಬಿಚ್ಚಿ ಐಸೊಪ್ರೊಪನಾಲ್‌ನಲ್ಲಿ ಸೋನಿಕೇಟ್ ಮಾಡಿ, ಅಂದ್ರೆ ಅಲ್ಟ್ರಾಸೌಂಡಲ್ಲಿ ತೊಳೀರಿ.

ಕಡ್ಡಿಕಾಯಿ_ಹಾವೇರಿ: ಮಾಡಿದೆ ಸರ್. ಏನೂ ಬದಲಾಗಿಲ್ಲ.

ಹಳೇಪಂಪು_ಹುಬ್ಬಳ್ಳಿ: ಹಂಗಾದ್ರೆ ಹೊಸ ವಾಲ್ವ್ ಹಾಕಿ. ಹರಿಸೋ ದ್ರಾವಕ ಅಸಿಟೋನೈಟ್ರೈಲ್‌ಗೆ ಒಳಗಿನ ರೂಬಿ ಗುಂಡು ಅಂಟಿಕೊಳ್ಳುತ್ತೆ.

ಬೇಸ್‌ಲೈನ್_ಧಾರವಾಡ: ವಾಲ್ವ್ ಸೋರಿದರೆ ಫ್ಲೋ ಇಳಿದು ಪೀಕ್ ತಡ ಆಗಬೇಕಲ್ವಾ? ಇವರದು ಬೇಗ ಬರ್ತಿದೆ.

ಹಳೇಪಂಪು_ಹುಬ್ಬಳ್ಳಿ: ನೀರಿನ ಕಡೆ ಸೋರಿದರೆ ಅಸಿಟೋನೈಟ್ರೈಲ್ ಪಾಲು ಜಾಸ್ತಿಯಾಗಿ ಬೇಗ ಬರುತ್ತೆ. ಇಪ್ಪತ್ತು ವರ್ಷದಿಂದ ಪಂಪ್ ಬಿಚ್ಚುತ್ತಿದ್ದೀನಿ, ನನಗೆ ಹೇಳಿಕೊಡಬೇಡ್ರಿ.

ಬೇಸ್‌ಲೈನ್_ಧಾರವಾಡ: ಮಷೀನು ಬೆರೆಸ್ತಿದ್ದರೆ ಆ ಮಾತು. ಹಾವೇರಿಯವರೇ, ಮೊಬೈಲ್ ಫೇಸ್ (ಕಾಲಂ ಮೂಲಕ ಹರಿಯೋ ನೀರು-ಅಸಿಟೋನೈಟ್ರೈಲ್ ಮಿಶ್ರಣ) ಯಾರು ಬೆರೆಸೋದು?

ಕಡ್ಡಿಕಾಯಿ_ಹಾವೇರಿ: ನಾನೇ. ಒಂದೇ ಬಾಟ್ಲಿ, ಒಂದೇ ಲೈನ್. ಅದನ್ನೂ ಹೇಳಬೇಕಿತ್ತಾ?

ಹಳೇಪಂಪು_ಹುಬ್ಬಳ್ಳಿ: ಹೇಳಬೇಕಿತ್ತು!

ಗದಗ_ಯುಪಿಎಲ್‌ಸಿ: ಬ್ಯಾಡಗಿ ಕಾಯಿಗೆ ಕ್ಯಾಪ್ಸೈಸಿನ್ ಯಾಕ್ರೀ? ಅದರ ಬೆಲೆ ಬಣ್ಣಕ್ಕೆ. 460 ನ್ಯಾನೋಮೀಟರಲ್ಲಿ ಆಸ್ಟಾ (ಬಣ್ಣದ ಅಳತೆ) ಓದಿದರೆ ಮುಗೀತು. ನಮ್ಮ ಹೊಸ ಮಷೀನಲ್ಲಿ ಒಂದು ರನ್ 3 ನಿಮಿಷ. ಸ್ಯಾಂಪಲ್ ತಾನೇ ಹಾಕೋ ಆಟೋಸ್ಯಾಂಪ್ಲರ್‌ಗೂ ಕೂಲಿಂಗ್ ಇದೆ.

ಕಡ್ಡಿಕಾಯಿ_ಹಾವೇರಿ: ಗುಂಟೂರು ಕಾಯಿ ಬೆರೆಸಿದ್ದಾರಾ ಅಂತ ವ್ಯಾಪಾರಿಗಳಿಗೆ ಅನುಮಾನ. ಬ್ಯಾಡಗಿ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಸಿಕ್ಕ ಹೆಸರು, ಬೆರಕೆ ಮಾಡೋರೂ ಇರ್ತಾರೆ. ಖಾರ ಜಾಸ್ತಿ ಬಂದರೆ ಸಂಶಯ ಪಡಬಹುದು.

ಬೇಸ್‌ಲೈನ್_ಧಾರವಾಡ: ಹೊಸ ಮಷೀನಿನ ಪುರಾಣ ಆಮೇಲೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಯುರಾಸಿಲ್ ಇಂಜೆಕ್ಟ್ ಮಾಡಿ. ಅದು ಕಾಲಂನಲ್ಲಿ ನಿಲ್ಲದೆ ಹೊರಗೆ ಬರುತ್ತೆ. ಅದರ ಟೈಮೂ ಸರಿದರೆ ಪಂಪ್ ನೋಡೋಣ. ಪ್ರೆಶರ್ ಕೂಡ ಬರೆದುಕೊಳ್ಳಿ.

ಕಡ್ಡಿಕಾಯಿ_ಹಾವೇರಿ: ಯುರಾಸಿಲ್ ಎರಡೂ ಹೊತ್ತು 1.6 ನಿಮಿಷ. ಪ್ರೆಶರ್ ಬೆಳಿಗ್ಗೆ 96 ಬಾರ್, ಮಧ್ಯಾಹ್ನ 82.

ಬೇಸ್‌ಲೈನ್_ಧಾರವಾಡ: ಫ್ಲೋ ಸರಿ ಇದೆ. ಬಿಸಿಗೆ ಮೊಬೈಲ್ ಫೇಸ್ ತೆಳುವಾಗಿ ಪ್ರೆಶರ್ ಇಳಿದಿದೆ. ಕಾಲಂ ಓವನ್ (ಕಾಲಂ ಬಿಸಿ ಒಂದೇ ಸಮ ಇಡೋ ಪೆಟ್ಟಿಗೆ) ಎಷ್ಟು ಡಿಗ್ರಿಗಿದೆ?

ಕಡ್ಡಿಕಾಯಿ_ಹಾವೇರಿ: ಓವನ್ ಕೆಟ್ಟು ಮೂರು ತಿಂಗಳಾಯ್ತು. ಕಾಲಂ ಹೊರಗೇ ಇದೆ, ಕಿಟಕಿ ಪಕ್ಕ. ಮಧ್ಯಾಹ್ನ ಕರೆಂಟ್ ಹೋದರೆ ಜನರೇಟರ್ ಮೇಲೆ ಮಷೀನು ಮಾತ್ರ ಓಡುತ್ತೆ, ಎಸಿ ಇಲ್ಲ.

ಬೇಸ್‌ಲೈನ್_ಧಾರವಾಡ: ಅಯ್ಯೋ ತಮ್ಮಾ, ಇದನ್ನ ಈಗ ಹೇಳ್ತೀಯಾ! ಒಂದು ಡಿಗ್ರಿ ಏರಿದರೆ ಪೀಕ್ ಸುಮಾರು 1ರಿಂದ 2 ಪರ್ಸೆಂಟ್ ಬೇಗ ಬರುತ್ತೆ. ಎಂಟು-ಹತ್ತು ಡಿಗ್ರಿಗೆ ನಿನ್ನ ಲೆಕ್ಕ ಸರಿಹೋಗುತ್ತೆ. ಓವನ್ ರಿಪೇರಿ ಆದ ಮೇಲೆ 40ಕ್ಕಿಡು. 25ಕ್ಕಿಟ್ಟರೆ ನಮ್ಮ ಬೇಸಿಗೆಯಲ್ಲಿ ಬರೀ ಹೀಟರ್ ಇರೋ ಓವನ್ ಏನೂ ಮಾಡಲ್ಲ. ಅಲ್ಲಿವರೆಗೆ ಐದು ಸ್ಯಾಂಪಲ್‌ಗೊಂದು ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರೋ ಕ್ಯಾಪ್ಸೈಸಿನ್) ಓಡಿಸು. ಮಧ್ಯಾಹ್ನದ ರಿಪೋರ್ಟ್ ಎಲ್ಲ ತೆಗೆದು ನೋಡು. ಪೀಕ್ ವಿಂಡೋ (ಸಾಫ್ಟ್‌ವೇರ್ ಅದನ್ನ ಹುಡುಕೋ ಟೈಮಿನ ಮಿತಿ) ದಾಟಿದ್ದರೆ ಸಾಫ್ಟ್‌ವೇರ್ ಕ್ಯಾಪ್ಸೈಸಿನ್ ಇಲ್ಲವೇ ಇಲ್ಲ ಅಂತ ಬರೆದಿರುತ್ತೆ.

ಕಡ್ಡಿಕಾಯಿ_ಹಾವೇರಿ: ಎರಡರಲ್ಲಿ ಹಾಗೇ ಬಂದಿತ್ತು. ಖಾರ ಇಲ್ಲದ ಕಾಯಿ ಅಂದುಕೊಂಡು ಕಳಿಸಿಬಿಟ್ಟೆ.

ಗದಗ_ಯುಪಿಎಲ್‌ಸಿ: ನಮ್ಮಲ್ಲಿ ಹಳೇ ಓವನ್ ಒಂದು ಸುಮ್ನೆ ಬಿದ್ದಿದೆ. ನಿಮ್ಮದು ಯಾವ ಕಂಪನಿ ಮಷೀನು?

ಹೊಸಬ_ರಾಣೆಬೆನ್ನೂರು: ನಂದು ಪೀಕ್ ಎರಡಾಗಿ ಸೀಳ್ತಿದೆ. ಇಲ್ಲೇ ಕೇಳಬಹುದಾ?

ಹಳೇಪಂಪು_ಹುಬ್ಬಳ್ಳಿ: ಕೇಳಿ. ಮೊದಲು ಓವನ್ ಇದೆಯಾ ಹೇಳಿ.