ಕಡಿಮೆ ದುಡ್ಡಲ್ಲಿ ಚೆಂದದ ಟೀಪಾಯಿ: ನೀವೆಲ್ಲ ಹೇಗೆ ಹುಡುಕಿದಿರಿ?

ಕೇಳಿದವರು:
ಸೋಫಾ ಮನೆಗೆ ಬಂತು, ಅದರ ಮುಂದೆ ಇಡಲು ಟೀಪಾಯಿ ಇಲ್ಲ. ದುಡ್ಡೆಲ್ಲ ಸೋಫಾಗೇ ಹೋಯಿತು. ಇಷ್ಟವಾಗುವುದೆಲ್ಲ ಬಜೆಟ್ ಮೀರುತ್ತದೆ, ಬಜೆಟ್‌ನಲ್ಲಿ ಸಿಗುವುದು ನೋಡಿದರೆ ಬೇಜಾರಾಗುತ್ತದೆ. ಮರಗೆಲಸ ಬರುವುದಿಲ್ಲ, ಆದರೆ ಸ್ಯಾಂಡ್‌ಪೇಪರ್ ಹಿಡಿದು ಉಜ್ಜುವಷ್ಟು ತಾಳ್ಮೆ ಇದೆ. ಕಡಿಮೆಯಲ್ಲಿ ಒಳ್ಳೆಯದು ಮಾಡಿಕೊಂಡವರು ಹೇಗೆ ಮಾಡಿದಿರಿ ಅಂತ ಹೇಳಿ.

ಉತ್ತರ:
ಹುಡುಕುವ ಮೊದಲು ಟೇಪ್ ತಗೊಂಡು ಸೋಫಾ ಅಳೆಯಿರಿ. ಕೂರುವ ಜಾಗದ ಎತ್ತರ ಸಾಮಾನ್ಯವಾಗಿ 16ರಿಂದ 18 ಇಂಚು ಇರುತ್ತದೆ. ಟೀಪಾಯಿ ಅದಕ್ಕೆ ಸಮ ಇರಲಿ, ಇಲ್ಲ ಒಂದೆರಡು ಇಂಚು ತಗ್ಗಿರಲಿ. ಉದ್ದ ಸೋಫಾದ ಮೂರರಲ್ಲಿ ಎರಡು ಭಾಗ ಇದ್ದರೆ ಕಣ್ಣಿಗೆ ಸರಿಹೋಗುತ್ತದೆ, ಮಧ್ಯೆ ಒಂದೂವರೆ ಅಡಿಯಷ್ಟು ಜಾಗ ಬಿಟ್ಟರೆ ಮೊಣಕಾಲು ತಾಗದೆ ಎದ್ದು ಹೋಗಬಹುದು, ಕೂತಲ್ಲಿಂದಲೇ ಲೋಟವೂ ಕೈಗೆ ಸಿಗುತ್ತದೆ. ಆ ಅಳತೆಗೆ ಹಳೇ ಪೇಪರ್ ಅಂಟಿಸಿ ನೆಲದ ಮೇಲೆ ಹಾಸಿ, ಸ್ವಲ್ಪ ದಿನ ಅದರ ಸುತ್ತ ಓಡಾಡಿ ನೋಡಿ. ಖರ್ಚಿಲ್ಲದ ಕೆಲಸ ಇದು, ಆದರೂ ಯಾರೂ ಮಾಡುವುದಿಲ್ಲ. ಅಳತೆ ಕೂಡಿಬಂದರೆ ತೀರಾ ಸಾದಾ ಮೇಜೂ ಚೆಂದ ಕಾಣುತ್ತದೆ.

ಉತ್ತರ:
ಮೇಲಿನವರ ಮಾತು ಸರಿ. ಅಳತೆ ಗೊತ್ತಾದ ಮೇಲೆ ಹೊಸದರ ಆಸೆ ಬಿಟ್ಟುಬಿಡಿ ಅಂತ ನಾನು ಹೇಳುತ್ತೇನೆ. ಕಡಿಮೆ ಬೆಲೆಯ ಹೊಸ ಮೇಜು ಅಂದರೆ ಹೆಚ್ಚಾಗಿ ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರುಗಳನ್ನು ಗೋಂದಿನಲ್ಲಿ ಒತ್ತಿ ಮಾಡಿದ ಹಲಗೆ, ಮೇಲೆ ಮರದ ಚಿತ್ರ ಇರುವ ಹಾಳೆ. ಅಂಚಿನಿಂದ ನೀರು ಒಳಗೆ ಹೋದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಸ್ಕ್ರೂ ಒಂದು ಸಲ ಸಡಿಲವಾದರೆ ಅದೇ ತೂತಿನಲ್ಲಿ ಮತ್ತೆ ಬಿಗಿ ಆಗುವುದೂ ಕಷ್ಟ. ಅದೇ ದುಡ್ಡಿಗೆ ಯಾರೋ ಬಳಸಿ ಬಿಟ್ಟ ಗಟ್ಟಿ ಮರದ ಟೀಪಾಯಿ ಸಿಗುತ್ತದೆ. ಬಣ್ಣ ಮಾಸಿರುತ್ತದೆ, ಗೀರು ಇರುತ್ತದೆ, ಅಷ್ಟೇ ತಾನೇ? ಬಣ್ಣ ನೀವೇ ಬದಲಾಯಿಸಬಹುದು, ಒಳಗಿನ ಸರಕು ಬದಲಾಯಿಸಲು ಆಗುವುದಿಲ್ಲ.

ನೋಡಲು ಹೋದಾಗ ಮೇಲ್ಗಡೆ ನೋಡಿ ಮರುಳಾಗಬೇಡಿ, ಮೊದಲು ತಲೆಕೆಳಗು ಮಾಡಿ. ಹಲಗೆಯ ಮೇಲಿರುವ ಗೆರೆಗಳು ಅಂಚಿನಲ್ಲೂ ಮುಂದುವರಿದು ಕೊನೆಯ ಬದಿಯಲ್ಲಿ ಕತ್ತರಿಸಿದ ಮರದ ಹಾಗೆ ಕಂಡರೆ ಅದು ಪೂರ್ತಿ ಮರ. ಅಂಚಿಗೆ ಬೇರೆ ಪಟ್ಟಿ ಅಂಟಿಸಿದ್ದರೆ ವಿನೀರ್ (ಮೇಲೆ ಅಂಟಿಸಿದ ನಿಜವಾದ ಮರದ ತೆಳು ಪದರ) ಅಥವಾ ಲ್ಯಾಮಿನೇಟ್ (ಮರದ ಚಿತ್ರದ ಹಾಳೆ). ವಿನೀರ್ ಅಂದ ತಕ್ಷಣ ಬೇಡ ಅನ್ನಬೇಕಾಗಿಲ್ಲ, ಕೆಳಗೆ ಪ್ಲೈವುಡ್ ಇದ್ದರೆ ಒಳ್ಳೆಯ ಮಾಲೇ, ಆದರೆ ಆ ಮರದ ಪದರ ತುಂಬಾ ತೆಳು, ಮಷೀನ್ ಹಿಡಿದು ಜೋರಾಗಿ ಉಜ್ಜಿದರೆ ಹರಿದು ಕೆಳಗಿನದು ಕಾಣುತ್ತದೆ. ಕಾಲು ಅಲ್ಲಾಡಿದರೆ ಹೆದರಬೇಡಿ. ಜೋಡಣೆ ಬಿಚ್ಚಿ, ಹಳೇ ಗೋಂದು ಕೆರೆದು, ಮರದ ಗೋಂದು ಹಾಕಿ, ರಾತ್ರಿಯಿಡೀ ಬಿಗಿಯಾಗಿ ಕಟ್ಟಿಟ್ಟರೆ ನಿಲ್ಲುತ್ತದೆ. ಮೊಳೆ ಮಾತ್ರ ಹೊಡೆಯಬೇಡಿ, ಮರ ಸೀಳುತ್ತದೆ.

ಬೇಡ ಅಂತ ಎದ್ದು ಬರಬೇಕಾದ್ದು ಎರಡು ಸಂದರ್ಭದಲ್ಲಿ. ಸಣ್ಣ ತೂತುಗಳಿದ್ದು, ತಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳು ಇನ್ನೂ ಕೆಲಸ ಮಾಡುತ್ತಿರಬಹುದು. ಮತ್ತೆ ಸಂದುಗಳಲ್ಲಿ ಕಪ್ಪು ಚುಕ್ಕಿಗಳಿದ್ದರೆ ತಿಗಣೆ ಇರಬಹುದು. ಪುಕ್ಕಟೆ ಕೊಟ್ಟರೂ ಬೇಡ.

ಉತ್ತರ:
ಒಂದು ಗುಟ್ಟು ಹೇಳುತ್ತೇನೆ. ಬಿಸಿ ಪಾತ್ರೆ ಇಟ್ಟು ಬಿಳಿ ಉಂಗುರ ಬಿದ್ದ ಮೇಜನ್ನು ಜನ ಹಾಳಾಯಿತು ಅಂದುಕೊಂಡು ಸಿಕ್ಕಿದ ಬೆಲೆಗೆ ಕೊಟ್ಟುಬಿಡುತ್ತಾರೆ. ಬಿಳಿ ಕಲೆ ಹೆಚ್ಚಾಗಿ ಮೇಲಿನ ಪಾಲಿಶ್‌ನಲ್ಲಿ ಸಿಕ್ಕಿಕೊಂಡ ತೇವ, ಮರಕ್ಕೆ ಏನೂ ಆಗಿರುವುದಿಲ್ಲ. ಹೇರ್ ಡ್ರೈಯರ್ ಸ್ವಲ್ಪ ದೂರ ಹಿಡಿದು ಸಣ್ಣ ಶಾಖ ಕೊಟ್ಟರೆ ಎಷ್ಟೋ ಸಲ ಹೋಗುತ್ತದೆ, ಹೋಗದಿದ್ದರೆ ಹೇಗೂ ಉಜ್ಜುವುದು ಇದ್ದೇ ಇದೆಯಲ್ಲ. ಕಪ್ಪು ಕಲೆ ಹಾಗಲ್ಲ, ಅದು ಮರದೊಳಗೇ ಇಳಿದಿರುತ್ತದೆ. ಅಂಥದ್ದಕ್ಕೆ ಗಾಢ ಬಣ್ಣ ಹಚ್ಚುವ ಮನಸ್ಸಿದ್ದರೆ ಮಾತ್ರ ತಗೊಳ್ಳಿ. ನಮ್ಮ ಮನೆಯ ಟೀಪಾಯಿಯೂ ಹಾಗೆ ಬಿಳಿ ಉಂಗುರ ಬಿದ್ದದ್ದೇ, ಬಂದವರು ಎಲ್ಲಿ ತಗೊಂಡಿರಿ ಅಂತ ಕೇಳುತ್ತಾರೆ.

ಇನ್ನೊಂದು, ಟೀಪಾಯಿ ಅಂತ ಒಂದೇ ಹೆಸರಲ್ಲಿ ಹುಡುಕಬೇಡಿ. ಸೆಂಟರ್ ಟೇಬಲ್, ಬೆಂಚು, ಟಿವಿ ಸ್ಟ್ಯಾಂಡ್, ಟ್ರಂಕು, ಎಲ್ಲ ನೋಡಿ. ಮನೆ ಖಾಲಿ ಮಾಡುವವರ ಹತ್ತಿರ ಬೇಗ ಕುದುರುತ್ತದೆ, ಅವರಿಗೆ ದುಡ್ಡಿಗಿಂತ ಜಾಗ ಖಾಲಿ ಆಗುವುದು ಮುಖ್ಯ.

ಉತ್ತರ:
ಹಳೇ ಮೇಜಿನ ಕಾಲು ಕತ್ತರಿಸಿದರೂ ಆಗುತ್ತದೆ. ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಎಷ್ಟು ಕಡಿಯಬೇಕೋ ಅಷ್ಟೇ ಎತ್ತರದ ಮರದ ತುಂಡಿನ ಮೇಲೆ ಪೆನ್ಸಿಲ್ ಇಟ್ಟು ನಾಲ್ಕೂ ಕಾಲಿಗೆ ಸುತ್ತಲೂ ಗುರುತು ಹಾಕಿ. ಕಾಲು ಓರೆಯಾಗಿದ್ದರೂ ಗುರುತು ನೆಲಕ್ಕೆ ಸಮವಾಗಿ ಬರುತ್ತದೆ, ಕುಂಟುವುದಿಲ್ಲ. ಊಟದ ಮೇಜು ಮಾತ್ರ ಟೀಪಾಯಿಗೆ ತುಂಬಾ ಅಗಲ ಆಗುತ್ತದೆ, ಅದು ಬೇಡ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಗಾಜಿನ ಟೀಪಾಯಿ ಹೇಗೆ? ಮತ್ತೆ ಸಾಮಾನು ಸಾಗಿಸುವ ಮರದ ಪ್ಯಾಲೆಟ್‌ನಲ್ಲಿ ಮಾಡಿದ್ದು ತುಂಬಾ ನೋಡಿದ್ದೇನೆ, ಅದು ಪುಕ್ಕಟೆ ಸಿಗುತ್ತದೆ.

ಉತ್ತರ:
ಗಾಜು ಸಣ್ಣ ಕೋಣೆಗೆ ಒಳ್ಳೆಯದು, ಕೆಳಗಿನ ನೆಲ ಕಾಣುವುದರಿಂದ ಜಾಗ ತುಂಬಿದ ಹಾಗೆ ಅನ್ನಿಸುವುದಿಲ್ಲ. ಆದರೆ ಟಫನ್ಡ್ ಗಾಜೇ (ಬಿಸಿ ಮಾಡಿ ಗಟ್ಟಿಗೊಳಿಸಿದ್ದು) ಆಗಬೇಕು, ಒಡೆದರೂ ಚೂಪಾದ ದೊಡ್ಡ ಚೂರಾಗುವುದಿಲ್ಲ. ಅದನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ, ಹಾಗಾಗಿ ಹಳೇ ಗಾಜು ತಂದು ಅಳತೆಗೆ ಕೊಯ್ಸೋಣ ಅಂತ ಲೆಕ್ಕ ಹಾಕಬೇಡಿ. ಬೆರಳಿನ ಗುರುತು ದಿನಾ ಒರೆಸಬೇಕು, ನನಗಂತೂ ಆ ಕೆಲಸ ಬೇಡ.

ಪ್ಯಾಲೆಟ್ ಪುಕ್ಕಟೆ ನಿಜ, ಶ್ರಮ ಪುಕ್ಕಟೆ ಅಲ್ಲ. ಹಲಗೆ ಬಿಚ್ಚುವಾಗಲೇ ಅರ್ಧ ಸೀಳುತ್ತವೆ. ತಗೊಳ್ಳುವುದೇ ಆದರೆ ಪಕ್ಕದಲ್ಲಿರುವ ಮುದ್ರೆ ನೋಡಿ. ಎಚ್‌ಟಿ ಅಂತಿದ್ದರೆ ಬಿಸಿ ಮಾಡಿ ಹುಳು ಸಾಯಿಸಿದ್ದು, ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಕೊಟ್ಟಿದ್ದು. ಎಂಬಿ ಇರುವುದನ್ನೂ, ಏನೋ ಚೆಲ್ಲಿ ಕಲೆಯಾದದ್ದನ್ನೂ ಮನೆಯೊಳಗೆ ತರಬೇಡಿ. ನನ್ನ ಪ್ರಕಾರ ನಿಮಗೆ ಹಳೇ ಗಟ್ಟಿ ಮರದ್ದೇ ಸರಿ.

ಉತ್ತರ:
ಉಜ್ಜುವ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ನಾನೇ ಸೇರಿಸುತ್ತೇನೆ. 120 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಶುರು ಮಾಡಿ 220ಕ್ಕೆ ಮುಗಿಸಿ, ಮರದ ಗೆರೆ ಹೋದ ದಿಕ್ಕಿಗೇ ಕೈ ಆಡಿಸಿ. ತುಂಬಾ ಹಳೇ ಪೇಂಟ್ ಇದ್ದರೆ ಅದರಲ್ಲಿ ಸೀಸ ಇರಬಹುದು, ಆ ಧೂಳು ಮಕ್ಕಳಿಗಂತೂ ತುಂಬಾ ಕೆಟ್ಟದ್ದು, ಅಂಥ ಮೇಜು ಬಿಟ್ಟುಬಿಡಿ. ಕೊನೆಗೆ ಅಗಸೆ ಎಣ್ಣೆ ಹಚ್ಚಿದರೆ ಮರದ ಬಣ್ಣ ಎದ್ದು ಬರುತ್ತದೆ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಬೇಡಿ. ಒಣಗುವಾಗ ಬಿಸಿ ಹುಟ್ಟಿ ತಾನಾಗೇ ಹೊತ್ತಿಕೊಳ್ಳಬಹುದು, ಇದು ಸುಮ್ನೆ ಹೆದರಿಸುವ ಮಾತಲ್ಲ. ಹೊರಗೆ ಬಿಡಿಸಿ ಹರಡಿ, ಪೂರ್ತಿ ಒಣಗಿ ಗಡುಸಾದ ಮೇಲೆ ಎಸೆಯಿರಿ.